ಗುಮ್ಮಟದ ಅಳತೆ ಮತ್ತು ನಮ್ಮ ಹೆಮ್ಮೆ

ಮುದ್ದೇಬಿಹಾಳದ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: “ಗೋಳಗುಮ್ಮಟ ಜಗತ್ತಿನ ಎರಡನೇ ದೊಡ್ಡ ಗುಮ್ಮಟ ಅಲ್ಲ ಅಂತ ಹೋದ ಸಂಚಿಕೆಯಲ್ಲಿ ಹಾಕಿದ್ದೀರಿ. ಚಿಕ್ಕಂದಿನಿಂದ ಓದಿದ್ದೆಲ್ಲ ಸುಳ್ಳೇ? ನಮ್ಮ ಜಿಲ್ಲೆಗೆ ಇರುವ ಹೆಮ್ಮೆಯನ್ನೂ ಕಿತ್ತುಕೊಳ್ಳುವುದು ಯಾಕೆ?”

ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಊರಿನ ಮೇಲೆ ಪ್ರೀತಿ ಇದ್ದವರಿಗೇ ಇಂಥ ಸಿಟ್ಟು ಬರುವುದು. ನಾನೂ ಏಳನೇ ಇಯತ್ತೆಯಲ್ಲಿ ಇದನ್ನೇ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡವನು. ಆದರೆ ಅಳತೆ ಬೇರೆಯೇ ಹೇಳುತ್ತದೆ.

ನಮ್ಮ ಗುಮ್ಮಟದ ಅಗಲ ಹೊರಗಿನಿಂದ ಸುಮಾರು 44 ಮೀಟರ್. ಒಳಗಿನಿಂದ ಸುಮಾರು 38 ಅಷ್ಟೇ, ಯಾಕೆಂದರೆ ಗುಮ್ಮಟದ ದಪ್ಪವೇ 3 ಮೀಟರ್. ರೋಮಿನ ಹಳೆಯ ಗುಡಿ ಪ್ಯಾಂಥಿಯಾನಿನ ಗುಮ್ಮಟ ಒಳಗಡೆಯೇ 43 ಮೀಟರಿಗಿಂತ ಜಾಸ್ತಿ. ಪಕ್ಕದ ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನದು 41ರ ಮೇಲೆ. ಇಟಲಿಯ ಫ್ಲಾರೆನ್ಸಿನ ದೊಡ್ಡ ಚರ್ಚಿನದು ಇನ್ನೂ ಅಗಲ, ಅದು 1436ರಲ್ಲೇ ಮುಗಿದಿತ್ತು. ನಮ್ಮ ಹೊರಗಿನ ಅಳತೆಯನ್ನು ಅವರ ಒಳಗಿನ ಅಳತೆಯ ಪಕ್ಕ ಇಟ್ಟರೆ ಮಾತ್ರ ನಾವು ಮೇಲೆ ಬರುತ್ತೇವೆ. ಅದು ತೂಕದಲ್ಲಿ ಮೋಸ ಮಾಡಿದ ಹಾಗಲ್ವಾ?

ಈಗ ನೆಲ ನೋಡಿ. ಒಳಗಿನ ಕೋಣೆ ಸುಮಾರು 41 ಮೀಟರಿನ ಚೌಕ, ಅಂದರೆ ಹತ್ತಿರ ಹತ್ತಿರ 1,680 ಚದರ ಮೀಟರ್. ನಡುವೆ ಒಂದೂ ಕಂಬವಿಲ್ಲ. ಪ್ಯಾಂಥಿಯಾನಿನ ದುಂಡು ನೆಲ 1,500 ಕೂಡ ಮುಟ್ಟುವುದಿಲ್ಲ. ಅದಕ್ಕಿಂತ ಚಿಕ್ಕ ಗುಮ್ಮಟದ ಕೆಳಗೆ ಅದಕ್ಕಿಂತ ದೊಡ್ಡ ನೆಲ! ಎಂಟು ಕಮಾನುಗಳು ಒಂದನ್ನೊಂದು ಹಾದು, ಒಳಕ್ಕೆ ಬಾಗಿ, ಚೌಕವನ್ನು ಎಂಟು ಮೂಲೆ ಮಾಡಿ ಆಮೇಲೆ ದುಂಡಗೆ ತರುತ್ತವೆ. ಗುಮ್ಮಟ ಹೊರಕ್ಕೆ ನೂಕುತ್ತದೆ. ಕಮಾನುಗಳ ಮೇಲೆ ಒಳಕ್ಕೆ ಚಾಚಿದ ಕಟ್ಟಡದ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. 1656ರಲ್ಲಿ ತೀರಿಕೊಂಡು ಇಲ್ಲೇ ಮಣ್ಣಾದ ಸುಲ್ತಾನ ಮಹಮ್ಮದ್ ಆದಿಲ್ ಷಾನ ಕಾಲದವರು ಇಟ್ಟಿಗೆ, ಗಾರೆಯಲ್ಲಿ ಇದನ್ನು ಮಾಡಿದರು. ಇದನ್ನು ನನಗೆ ಯಾವ ಮಾಸ್ತರರೂ ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಬೆಳಗಾವಿಯ ನೆಂಟರ ಮಕ್ಕಳ ಜೊತೆ ಮೇಲೆ ಹತ್ತಿದ್ದೆ. “ಒಂದು ಚಪ್ಪಾಳೆ ತಟ್ಟಿದರೆ ಸರಿಯಾಗಿ ಏಳು ಸಲ ಕೇಳಿಸುತ್ತದೆ” ಅಂದರು ಗೈಡ್. ಹುಡುಗಿ ಐದು ಎಣಿಸಿದಳು, ಅವಳ ತಮ್ಮ ಒಂಬತ್ತು. ಇಬ್ಬರಿಗೂ ಜಗಳ. ಚಪ್ಪಾಳೆಯ ಸದ್ದು ಆಚೆ ಗೋಡೆಗೆ ಹೋಗಿ ಬರಲು ಕಾಲು ಸೆಕೆಂಡಿನಷ್ಟು ಬೇಕು, ಅದಕ್ಕೇ ಬಿಡಿಬಿಡಿಯಾಗಿ ಕೇಳುತ್ತದೆ. ಎಷ್ಟು ಸಲ ಅನ್ನುವುದು ಚಪ್ಪಾಳೆಯ ಜೋರು ಮತ್ತು ಕೆಳಗಿನ ಗದ್ದಲದ ಮೇಲೆ. ಇಷ್ಟು ಹೇಳಿದ್ದೇ ತಡ, ಇಬ್ಬರೂ ಜಗಳ ಬಿಟ್ಟು ಮತ್ತೆ ಮತ್ತೆ ತಟ್ಟಿ ನೋಡಿದರು. ಸುತ್ತಲಿನ ದೊಡ್ಡವರು ಸುಮ್ನೆ ಕೂಗಿ, ಫೋಟೋ ತೆಗೆದುಕೊಂಡು ಇಳಿದರು.

ಇದೇ ಊರಿನ ಇನ್ನೊಂದು ಗೋರಿ, ಇಬ್ರಾಹಿಂ ರೋಜಾದ ಪಾಡೂ ಅದೇ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕೊರೆದಿದ್ದಾರೆ. ಬಂದವರು “ತಾಜ್ ಮಹಲಿಗೆ ಇದೇ ಮಾದರಿಯಂತೆ” ಅಂದು ಹೊರಡುತ್ತಾರೆ. ನಮ್ಮ ಊರಿನದು ಚೆಂದ ಅನ್ನಲು ಆಗ್ರಾ, ರೋಮಿನ ಚೀಟಿ ಯಾಕೆ ಬೇಕು ನಮಗೆ?

ನೀವು ಒಂದು ದಿನ ಮೊದಲ ಬಸ್ಸಿಗೆ ವಿಜಯಪುರಕ್ಕೆ ಬನ್ನಿ. ಮೆಟ್ಟಿಲು ಹತ್ತುವ ಮೊದಲು ಗೋರಿಗಳ ಕಟ್ಟೆಯ ಪಕ್ಕ ನಿಂತು, ಕತ್ತೆತ್ತಿ ಕಮಾನು ಎಣಿಸಿ. ಆಮೇಲೆ ಇನ್ನೊಂದು ಕಾಗದ ಬರೆಯಿರಿ, ಅದನ್ನೂ ಹಾಕುತ್ತೇನೆ.

— ಸಂ.