ಮೂರು ಅಂಕದ ನೊಣ

ಪತ್ರ: "ಹನ್ನೆರಡು ವರ್ಷಗಳಿಂದ ನಾನು ನೋಡಿದ ಟಿವಿ ಡ್ರಾಮಾಗಳ ಪ್ರತಿ ಕಂತಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಎಷ್ಟೇ ಒಳ್ಳೆಯ ಡ್ರಾಮಾ ಆದರೂ ಮೂರರಲ್ಲಿ ಒಂದು ಪಾಲು ಸುಮ್ನೆ ಜಾಗ ತುಂಬಲು ಮಾಡಿದ್ದು. ಹೊಸದಾಗಿ ನೋಡುವವರಿಗೆ ಸಮಯ ಉಳಿಯಲಿ ಎಂದು, ಬಿಟ್ಟು ಮುಂದೆ ಹೋಗಬಹುದಾದ ಕಂತುಗಳ ಪಟ್ಟಿ ಕಳಿಸಿದ್ದೇನೆ. ದಯವಿಟ್ಟು ಪ್ರಕಟಿಸಿ. — ಒಬ್ಬ ಅಭಿಮಾನಿ"

ಉತ್ತರ: ಪತ್ರ ಪ್ರಕಟಿಸಿದ್ದೇನೆ. ಪಟ್ಟಿ ಪ್ರಕಟಿಸುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲು ಒಂದು ಮಾತು. ಹನ್ನೆರಡು ವರ್ಷ ಬಿಡದೆ ಬರೆದಿಡುವುದು ಸಣ್ಣ ಕೆಲಸವಲ್ಲ. ನೀವು ಕಳಿಸಿದ ಪುಟಗಳನ್ನು ಎರಡು ರಾತ್ರಿ ಕೂತು ಓದಿದೆ. ಯಾವ ದೃಶ್ಯದಲ್ಲಿ ಯಾರ ಮುಖ ಹೇಗಿತ್ತು ಎಂಬುದನ್ನೂ ಗುರುತು ಹಾಕಿದ್ದೀರಿ. ಇಷ್ಟು ಗಮನ ಕೊಟ್ಟು ನೋಡುವ ನಿಮ್ಮಂಥವರೇ ಬೇರೆಯವರಿಗೆ "ಇದನ್ನು ನೋಡಬೇಡಿ" ಎಂದು ಹೇಳುತ್ತೀರಲ್ಲ, ಅದೇ ನನಗೆ ನೋವಾಗಿದ್ದು.

ನಿಮ್ಮ ಪಟ್ಟಿಯಲ್ಲಿ 'ಬ್ರೇಕಿಂಗ್ ಬ್ಯಾಡ್' ಡ್ರಾಮಾದ ಮೂರನೇ ಸೀಸನ್ನಿನ ಹತ್ತನೇ ಕಂತು ಇದೆ. ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್ ತನ್ನ ಹಳೆಯ ವಿದ್ಯಾರ್ಥಿ ಜೆಸ್ಸಿಯ ಜೊತೆ ಸೇರಿ ಮಾದಕವಸ್ತು ತಯಾರಿಸುವ ಕಥೆ ಅದು. ಕಂತಿನ ಹೆಸರು 'ಫ್ಲೈ', ಅಂದರೆ ನೊಣ. 2010ರ ಮೇ ತಿಂಗಳಲ್ಲಿ ಬಂದದ್ದು. ನೀವು ಕೊಟ್ಟ ಅಂಕ ಮೂರು. ಪಕ್ಕದಲ್ಲಿ "ಒಂದು ನೊಣ, ಇಬ್ಬರು ಮನುಷ್ಯರು, ಮುಕ್ಕಾಲು ಗಂಟೆ ವ್ಯರ್ಥ" ಎಂದು ಬರೆದಿದ್ದೀರಿ. ಅದೇ ಡ್ರಾಮಾದ ಐದನೇ ಸೀಸನ್ನಿನ ಹದಿನಾಲ್ಕನೇ ಕಂತು 'ಓಜಿಮಾಂಡಿಯಸ್'. 2013ರ ಸೆಪ್ಟೆಂಬರಿನದು. ಅದಕ್ಕೆ ಹತ್ತಕ್ಕೆ ಹತ್ತು, ಕೆಂಪು ಶಾಯಿಯಲ್ಲಿ ಎರಡು ಗೆರೆ.

ಈ ಎರಡನ್ನೂ ನಿರ್ದೇಶಿಸಿದವರು ಒಬ್ಬರೇ, ರಯಾನ್ ಜಾನ್ಸನ್. 'ಓಜಿಮಾಂಡಿಯಸ್' ಬರೆದವರು ಮೊಯ್ರಾ ವಾಲಿ ಬೆಕೆಟ್. 'ಫ್ಲೈ' ಬರೆದ ಇಬ್ಬರಲ್ಲಿ ಒಬ್ಬರು ಕೂಡ ಅವರೇ. ನೀವು ಮೂರು ಕೊಟ್ಟ ಕೈಗಳೇ ನಿಮ್ಮಿಂದ ಹತ್ತು ಪಡೆದಿವೆ.

ಆ ನೊಣದ ಕಂತು ಹುಟ್ಟಿದ್ದು ದುಡ್ಡು ಉಳಿಸಲು, ನಿಜ. ಖರ್ಚು ಕೈಮೀರಿತ್ತು. ಇದ್ದ ಸೆಟ್ಟಿನೊಳಗೇ, ಇಬ್ಬರು ನಟರನ್ನು ಇಟ್ಟುಕೊಂಡು ಒಂದು ಕಂತು ಮುಗಿಸಬೇಕಾಗಿತ್ತು. ಹೊರಗೆ ಹೋಗುವ ಹಾಗಿಲ್ಲ, ಗುಂಡು ಹಾರಿಸುವ ಹಾಗಿಲ್ಲ. ಹಾಗಾಗಿ ಬರೆಯುವವರು ಆ ಇಬ್ಬರ ಮನಸ್ಸಿನೊಳಗೆ ಇಳಿದರು. ಮಾದಕವಸ್ತು ತಯಾರಿಸುವ ಲ್ಯಾಬಿಗೆ ನೊಣವೊಂದು ಹೊಕ್ಕಿದೆ. ವಾಲ್ಟರ್ ವೈಟ್‌ಗೆ ನಿದ್ದೆ ಇಲ್ಲ. ಜೆಸ್ಸಿ ಕಾಫಿಗೆ ನಿದ್ದೆ ಮಾತ್ರೆ ಬೆರೆಸಿ ಕೊಡುತ್ತಾನೆ. ಮಂಪರಿನಲ್ಲಿ ವಾಲ್ಟರ್ ಮಾತಾಡತೊಡಗುತ್ತಾನೆ. ಜೆಸ್ಸಿ ಪ್ರೀತಿಸಿದ ಜೇನ್ ಸತ್ತ ರಾತ್ರಿ ಈತ ಅಲ್ಲೇ ನಿಂತಿದ್ದ, ಉಳಿಸಬಹುದಿತ್ತು, ಉಳಿಸಲಿಲ್ಲ. ಅದು ನಮಗೆ ಗೊತ್ತು, ಜೆಸ್ಸಿಗೆ ಗೊತ್ತಿಲ್ಲ. ಜೆಸ್ಸಿ ಏಣಿಯ ತುದಿಯಲ್ಲಿ ತೂಗಾಡುತ್ತಾ ನೊಣ ಹೊಡೆಯುತ್ತಿದ್ದಾನೆ. ಕೆಳಗೆ ಏಣಿ ಹಿಡಿದವನು "ಜೇನ್ ವಿಷಯಕ್ಕೆ ಕ್ಷಮಿಸು" ಅನ್ನುತ್ತಾನೆ. ಇನ್ನೊಂದು ಮಾತು ಹೊರಬಿದ್ದರೆ ಎಲ್ಲಾ ಮುಗಿಯಿತು. ಆ ಮಾತು ಹೊರಬೀಳುವುದಿಲ್ಲ.

ಹೊರಬೀಳುವುದು ಯಾವಾಗ? ನೀವು ಹತ್ತು ಕೊಟ್ಟ ಕಂತಿನಲ್ಲಿ. ಮರುಭೂಮಿಯಲ್ಲಿ ವಾಲ್ಟರ್ ಜೆಸ್ಸಿಯ ಮುಖ ನೋಡಿ, ಬೇಕೆಂದೇ ಅದನ್ನು ಹೇಳುತ್ತಾನೆ. ಅಂದು ಪಶ್ಚಾತ್ತಾಪದಿಂದ ನಾಲಿಗೆ ತುದಿಗೆ ಬಂದಿದ್ದ ಮಾತು ಇಂದು ಚಾಕುವಿನ ಹಾಗೆ ಬರುತ್ತದೆ. ನೊಣದ ಕಂತನ್ನು ಬಿಟ್ಟವರಿಗೂ ಮರುಭೂಮಿಯ ದೃಶ್ಯ ಅರ್ಥವಾಗುತ್ತದೆ. ಆದರೆ ಆ ಮನುಷ್ಯ ಎಷ್ಟು ದೂರ ಬಂದುಬಿಟ್ಟ ಎಂಬುದು ತಟ್ಟುವುದಿಲ್ಲ. ನಿಮ್ಮ ಪಟ್ಟಿ ನಂಬಿದವರು ಕಳೆದುಕೊಳ್ಳುವುದು ಇದನ್ನೇ.

ನಿಮ್ಮ ಮಾತಿನಲ್ಲಿ ಸತ್ಯವಿಲ್ಲ ಎನ್ನುತ್ತಿಲ್ಲ. ರಬ್ಬರಿನ ಹಾಗೆ ಎಳೆದ ಡ್ರಾಮಾಗಳು ಇವೆ. ಸತ್ತ ಪಾತ್ರವನ್ನು ವಾಪಸ್ ತರಲು 'ಡಲ್ಲಾಸ್' ಎಂಬ ಅಮೆರಿಕದ ಡ್ರಾಮಾ 1986ರಲ್ಲಿ ಒಂದು ಇಡೀ ಸೀಸನ್ನನ್ನೇ ಕನಸು ಎಂದುಬಿಟ್ಟಿತು. ವರ್ಷವಿಡೀ ನಂಬಿ ಕೂತ ಜನರಿಗೆ ಅದು ಮೋಸ. ಒಪ್ಪುತ್ತೇನೆ.

ಆದರೆ ನಿಜವಾಗಿಯೂ ಕೆಟ್ಟ ಕಂತು ಕೂಡ ಏನು ಮಾಡಬಲ್ಲದು ನೋಡಿ. ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ 'ಲಾಸ್ಟ್'. 2007ರಲ್ಲಿ, ಅದರ ಮೂರನೇ ಸೀಸನ್ನಿನಲ್ಲಿ, ನಾಯಕನ ಹಚ್ಚೆಗಳು ಹೇಗೆ ಬಂದವು ಎಂದು ಹೇಳಲು ಒಂದು ಕಂತು ಮಾಡಿದರು. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಅದು. ನೀವು ಒಂದು ಅಂಕ ಕೊಟ್ಟಿದ್ದೀರಿ. ನಾನೂ ಜಾಸ್ತಿ ಕೊಡಲಾರೆ. ಕಥೆಗೆ ಕೊನೆಯ ದಿನ ಗೊತ್ತುಮಾಡಿ ಎಂದು ಬರಹಗಾರರು ಚಾನೆಲ್ಲಿಗೆ ಹೇಳುತ್ತಲೇ ಇದ್ದರು. ಕೊನೆಯಿಲ್ಲದೆ ಬರೆಯುತ್ತಾ ಹೋದರೆ ಏನಾಗುತ್ತದೆ ಎಂದು ತೋರಿಸಲು ಅವರಿಗೆ ಒದಗಿದ್ದು ಇದೇ ಕಂತು. ಅದೇ ವರ್ಷ ಮೇ ತಿಂಗಳಲ್ಲಿ ಚಾನೆಲ್ ಒಪ್ಪಿತು, 2010ಕ್ಕೆ ಮುಕ್ತಾಯ ಎಂದು ಘೋಷಿಸಿತು. ಅಲ್ಲಿಂದ ಕಥೆಗೆ ಮತ್ತೆ ಬಿಗಿ ಬಂತು.

ನಿಧಾನವನ್ನು ಕಿತ್ತುಹಾಕಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಕಣ್ಣೆದುರೇ ಉದಾಹರಣೆ ಇದೆ. ಸಿಂಹಾಸನಕ್ಕಾಗಿ ಮನೆತನಗಳು ಕಾದಾಡುವ ಕಥೆ 'ಗೇಮ್ ಆಫ್ ಥ್ರೋನ್ಸ್'. ಮೊದಲ ಆರು ಸೀಸನ್‌ಗಳಲ್ಲಿ ಹತ್ತು ಹತ್ತು ಕಂತು. ಏಳನೆಯದರಲ್ಲಿ ಏಳು, ಕೊನೆಯದರಲ್ಲಿ ಆರು. ಮೊದಲು ಒಂದು ಊರಿಂದ ಇನ್ನೊಂದಕ್ಕೆ ಹೋಗಲು ಪಾತ್ರಗಳು ಹಲವು ಕಂತು ನಡೆಯುತ್ತಿದ್ದವು. ದಾರಿಯಲ್ಲಿ ಜಗಳ, ಗೆಳೆತನ, ಗುಟ್ಟು ಎಲ್ಲಾ ಆಗುತ್ತಿತ್ತು. ಕೊನೆಕೊನೆಗೆ ಒಂದೇ ಕಂತಿನಲ್ಲಿ ತಲುಪಿಬಿಡುತ್ತಿದ್ದವು. 2019ರಲ್ಲಿ ಅದು ಮುಗಿದಾಗ, ಕೊನೆಯ ಸೀಸನ್ನನ್ನು ಹೊಸದಾಗಿ ಮಾಡಿ ಎಂಬ ಮನವಿಗೆ 10 ಲಕ್ಷಕ್ಕಿಂತ ಹೆಚ್ಚು ಜನ ಸಹಿ ಹಾಕಿದರು. ಬಹಳ ಜನರ ಬಾಯಲ್ಲಿ ಕೇಳಿಬಂದ ದೂರು: ಅವಸರ. ಆ ಆರರಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಎರಡನೆಯದು. ಯುದ್ಧದ ಹಿಂದಿನ ರಾತ್ರಿ ಒಂದಷ್ಟು ಜನ ಬೆಂಕಿಯ ಮುಂದೆ ಕೂತು ಮಾತಾಡುತ್ತಾರೆ. ಬ್ರಿಯೆನ್ ಎಂಬ ಯೋಧೆಗೆ ನೈಟ್ ಎಂಬ ವೀರರ ಪದವಿ ಸಿಗುತ್ತದೆ, ಅಷ್ಟೇ. ಅದಕ್ಕೆ ನೀವು ಐದು ಕೊಟ್ಟಿದ್ದೀರಿ!

'ದಿ ವೈರ್' ಬಗ್ಗೆ ನಾನು ಮಾತು ಶುರುಮಾಡಿದರೆ ಈ ಸಂಚಿಕೆ ಸಾಲದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮಾದಕವಸ್ತು ಮಾರುವವರು, ಅವರ ಬೆನ್ನುಹತ್ತಿದ ಪೊಲೀಸರು, ಇವರ ಕಥೆ ಅದು. ಅದನ್ನು ಕಟ್ಟಿದ ಡೇವಿಡ್ ಸೈಮನ್ ಅದೇ ನಗರದಲ್ಲಿ ಪತ್ರಿಕಾ ವರದಿಗಾರರಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಪೊಲೀಸ್ ಆಗಿದ್ದು, ಆಮೇಲೆ ಶಾಲೆಯಲ್ಲಿ ಪಾಠ ಹೇಳಿದವರು. ಹೆಸರಿನಲ್ಲೇ ಇರುವ ಫೋನ್ ಕದ್ದು ಕೇಳುವ ಕೆಲಸ ಸರಿಯಾಗಿ ಶುರುವಾಗುವುದು ಮೊದಲ ಸೀಸನ್ ಅರ್ಧದ ಹತ್ತಿರ ಬಂದಾಗ. ಐದು ಸೀಸನ್, 60 ಕಂತು, ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ ಒಂದೂ ಇಲ್ಲ. ಎರಡನೇ ಸೀಸನ್ನಿನಲ್ಲಿ ಕಥೆ ಬಂದರಿಗೆ ಹೋದಾಗ ಎಷ್ಟೋ ಜನ ಮುನಿಸಿಕೊಂಡರು. ನೀವೂ ಅದನ್ನು ಇಡಿಯಾಗಿ ಬಿಡಿ ಎಂದಿದ್ದೀರಿ. ಆದರೆ ಕೆಲಸ ಕಳೆದುಕೊಳ್ಳುತ್ತಿರುವ ಬಂದರಿನ ಕೂಲಿಕಾರರನ್ನು ನೋಡದೆ ಆ ನಗರ ಹೇಗೆ ಕೆಟ್ಟಿತು ಎಂದು ಹೇಗೆ ತಿಳಿಯುತ್ತದೆ, ಹೇಳಿ?

ಒಂದು ಸ್ವಂತ ಮಾತು. ಅಪ್ಪ ಕಾಯಿಲೆಯಿಂದ ಮಲಗಿದ್ದ ತಿಂಗಳುಗಳಲ್ಲಿ ನಾವಿಬ್ಬರೂ ರಾತ್ರಿ ಹೊತ್ತು 'ಸಿಕ್ಸ್ ಫೀಟ್ ಅಂಡರ್' ನೋಡುತ್ತಿದ್ದೆವು. ಹೆಣಗಳ ಅಂತ್ಯಕ್ರಿಯೆ ಮಾಡಿಸುವ ಒಂದು ಕುಟುಂಬದ ಕಥೆ, 63 ಕಂತು. ನಡುವೆ ಸಪ್ಪೆ ಕಂತುಗಳು ಬಂದರೆ ಅಪ್ಪ ಅರ್ಧಕ್ಕೆ ನಿದ್ದೆಹೋಗುತ್ತಿದ್ದರು. ಎದ್ದಾಗ "ಆ ಹುಡುಗಿ ಏನು ಮಾಡಿದಳು?" ಎಂದು ಮನೆಮಗಳ ವಿಚಾರ ಕೇಳಿದ ಹಾಗೆ ಕೇಳುತ್ತಿದ್ದರು. ಕೊನೆಯ ಕಂತಿನ ಕೊನೆಯ ನಿಮಿಷಗಳಲ್ಲಿ ಆ ಮನೆಯವರೆಲ್ಲ ಮುಂದೆ ಹೇಗೆ ಹೇಗೆ ಸಾಯುತ್ತಾರೆ ಎಂದು ಒಬ್ಬೊಬ್ಬರಾಗಿ ತೋರಿಸುತ್ತಾರೆ. ಅಪ್ಪ ಎಚ್ಚರವಾಗಿಯೇ ನೋಡಿದರು. ಆಮೇಲೆ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಆ ನಿಮಿಷಗಳನ್ನು ಮಾತ್ರ ಮೊಬೈಲಿನಲ್ಲಿ ನೋಡಿದ ನನ್ನ ಗೆಳೆಯರೊಬ್ಬರು "ಚೆನ್ನಾಗಿದೆ" ಎಂದರು. ಅಷ್ಟೇ ಅಂದರು.

ಈಗ ಎಲ್ಲೆಡೆ ಇದೇ ನಡೆದಿದೆ. ಒಂದೂವರೆ ಪಟ್ಟು ವೇಗದಲ್ಲಿ ಡ್ರಾಮಾ ನೋಡುತ್ತಾರೆ. 2020ರಿಂದ ನೆಟ್‌ಫ್ಲಿಕ್ಸೇ ಆ ಗುಂಡಿ ಕೊಟ್ಟಿದೆ. ನಟಿಯೊಬ್ಬಳು ಉತ್ತರ ಕೊಡುವ ಮುಂಚೆ ಮೂರು ಕ್ಷಣ ಸುಮ್ಮನಿದ್ದರೆ, ಆ ಮೌನಕ್ಕಾಗಿ ಆಕೆ ಎಷ್ಟು ಸಲ ಅಭ್ಯಾಸ ಮಾಡಿರಬೇಕು! ಅದನ್ನು ಎರಡು ಕ್ಷಣ ಮಾಡಲು ನಾವು ಯಾರು? ಪತ್ರಿಕೆಗೂ ಇದೇ ರೋಗ ತಟ್ಟಿದೆ. ಪ್ರತಿ ತಿಂಗಳು ಯಾರಾದರೂ ಕೇಳುತ್ತಾರೆ: "ಸರ್, ಈ ಸಂಚಿಕೆಯಲ್ಲಿ ಓದಲೇಬೇಕಾದ ಎರಡು ಲೇಖನ ಯಾವುವು?" ಉಳಿದವನ್ನು ಬರೆದವರ ಮುಖ ನನ್ನ ಕಣ್ಣ ಮುಂದೆ ಬರುತ್ತದೆ. ಒಬ್ಬರಂತೂ ನಾಲ್ಕು ಸಲ ತಿದ್ದಿ ಕಳಿಸಿರುತ್ತಾರೆ.

ನಿಮ್ಮ ಪುಟಗಳನ್ನು ಈ ವಾರ ಅಂಚೆಯಲ್ಲಿ ವಾಪಸ್ ಕಳಿಸುತ್ತೇನೆ. ಒಂದು ಕೋರಿಕೆ ಇದೆ. ಒಂದು ರಾತ್ರಿ ಬಿಡುವು ಮಾಡಿಕೊಂಡು, ವೇಗ ಹೆಚ್ಚಿಸದೆ, ನೊಣದ ಕಂತನ್ನು ಮತ್ತೆ ನೋಡಿ. ಏಣಿಯ ಕೆಳಗೆ ನಿಂತವನ ಮುಖವನ್ನೇ ನೋಡಿ. ಆಮೇಲೂ ಮೂರೇ ಅಂಕ ಅನ್ನಿಸಿದರೆ ಏಕೆ ಎಂದು ಬರೆಯಿರಿ. ಆ ಪತ್ರವನ್ನು ಒಂದು ಸಾಲೂ ಬಿಡದೆ ಪ್ರಕಟಿಸುತ್ತೇನೆ.

— ಸಂಪಾದಕ