ಮುಳುಗುವುದಲ್ಲ, ತೇಲುವುದೇ ತಲೆನೋವು

ಸರೋವರದ ತಳದಲ್ಲಿ ಹಾಕಿದ ಅನಿಲ ಕೊಳವೆ ತನ್ನ ಭಾರಕ್ಕೇ ಕೆಸರಿನಲ್ಲಿ ಹೂತುಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ತೊಂದರೆ ಅದರ ತಿರುವುಮುರುವು: ಕೊಳವೆ ಮೇಲೇಳುತ್ತದೆ! 50 ಸೆಂಟಿಮೀಟರ್ ಹೊರವ್ಯಾಸ, 1 ಸೆಂಟಿಮೀಟರ್ ದಪ್ಪದ ಉಕ್ಕಿನ ಕೊಳವೆ ಮೀಟರಿಗೆ ಸುಮಾರು 120 ಕಿಲೋ ತೂಗುತ್ತದೆ; ಅದು ಸರಿಸುವ ನೀರು ಸುಮಾರು 196 ಕಿಲೋ. ಒಳಗಿನ ಅನಿಲ ಸೇರಿದರೂ ಲೆಕ್ಕ ಬದಲಾಗದು. ನಮ್ಮ ಕಾರವಾರದ ಮೀನುಗಾರರು ಬಲೆಯಂಚಿಗೆ ಸೀಸದ ಗುಂಡು ಕಟ್ಟುವುದಿಲ್ಲವೇ? ಹಾಗೆಯೇ ಕೊಳವೆಗೆ ಕಾಂಕ್ರೀಟ್ ಕವಚ ತೊಡಿಸುತ್ತಾರೆ. ತುಕ್ಕು ತಡೆಯುವ ಲೇಪನ ಅದರೊಳಗೆ. ದಡದಲ್ಲಿ ಬೆಸುಗೆ ಹಾಕಿ, ತೇಲುವ ಪೀಪಾಯಿ ಕಟ್ಟಿ ನೀರಿನ ಮೇಲೆ ಎಳೆದು, ಬಳಿಕ ತಳಕ್ಕೆ ಇಳಿಸುವುದುಂಟು.

ಕಾಳಿ ನದಿಯ ಅಳಿವೆಯಂತೆ ಮಳೆಗಾಲದ ಸೆಳೆತ, ಭರತ ಇಳಿತ ಎರಡೂ ಇರುವ ಕಡೆ ನಾನಾದರೆ ತಳಕ್ಕೂ ಕೆಳಗೆ ಅಡ್ಡಲಾಗಿ ಕೊರೆದು ಕೊಳವೆಯನ್ನು ಎಳೆಯುವ ವಿಧಾನವನ್ನೇ ಆರಿಸುತ್ತೇನೆ. ದೋಣಿಯ ಲಂಗರು ಅಷ್ಟು ಆಳಕ್ಕೆ ತಲುಪುವುದಿಲ್ಲ.