10-18 ಲೆನ್ಸ್ ಸಾಕು, ಕೊಳ್ಳುವ ಮುನ್ನ ಟಾರ್ಚ್ ಹಾಕಿ ನೋಡಿ

ಕ್ಯಾನನ್ 200ಡಿ ಕ್ಯಾಮೆರಾ, ಜೊತೆಗೆ ಬಂದ 18-55 ಎಂಎಂ ಲೆನ್ಸ್ ಇದೆ; ಮುಳ್ಳಯ್ಯನಗಿರಿಯ ಸೂರ್ಯೋದಯಕ್ಕೆ ಕಡಿಮೆ ಬೆಲೆಯ ವೈಡ್ (ಅಗಲ ನೋಟದ) ಲೆನ್ಸ್ ಯಾವುದು, ಹೆಚ್ಚು ಬೆಳಕು ಬಿಡುವ ಎಫ್/2.8 ಬೇಕೇ ಎಂದು ಕೇಳಿದ್ದೀರಿ. ಬೇಡ. ಟ್ರೈಪಾಡ್ ಮೇಲಿಟ್ಟು, ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/8ರಲ್ಲಿ ಬೆಟ್ಟ ತೆಗೆಯುವವರಿಗೆ 2.8ರ ದುಡ್ಡು ದಂಡ. ರಾತ್ರಿ ನಕ್ಷತ್ರಗಳನ್ನು ತೆಗೆಯುವ ಹುಚ್ಚಿದ್ದರೆ ಆ ಮಾತು ಬೇರೆ.

ಕ್ಯಾನನ್ ಇಎಫ್-ಎಸ್ 10-18 ಎಂಎಂ ನೋಡಿ. ತೂಕ ಸುಮಾರು 240 ಗ್ರಾಂ. ಮೆಟ್ಟಿಲು ಹತ್ತುವಾಗ ಹೆಗಲು ಶಪಿಸುವುದಿಲ್ಲ. ಆದರೆ ಮುಂದೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಡಿಎಸ್ಎಲ್ಆರ್ ಕ್ಯಾಮೆರಾ ಕೊಂಡರೆ ಇದು ಅದಕ್ಕೆ ಕೂರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ, ಮಲೆನಾಡಿನ ಮಳೆಗಾಲ ಕಂಡ ಲೆನ್ಸನ್ನು ಸುಮ್ಮನೆ ನಂಬಬೇಡಿ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ, ಲೆನ್ಸನ್ನು ಓರೆ ಮಾಡಿ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕೊಂಡ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ಇನ್ನೊಂದು: 10 ಎಂಎಂನಲ್ಲಿ ದೂರದ ಬೆಟ್ಟಸಾಲು ಬರೀ ಗೆರೆಯಾಗಿಬಿಡುತ್ತದೆ. ಒಂದೆರಡು ಅಡಿ ಮುಂದೆ ಬಂಡೆಯೋ ಇಬ್ಬನಿ ಕೂತ ಹುಲ್ಲೋ ಇರಲೇಬೇಕು. ಮಂಜಿನಲ್ಲಿ ಪದರಪದರವಾಗಿ ಕಾಣುವ ಗಿರಿಗಳಿಗಾದರೆ ನಿಮ್ಮ ಹಳೆಯ ಲೆನ್ಸಿನ, ದೂರದ್ದನ್ನು ಹತ್ತಿರ ತೋರಿಸುವ 55ರ ತುದಿಯೇ ವಾಸಿ.